ಜಿಂಕ್ ಫಿಂಗರ್ ಇರುವ ಯುಬಿಕ್ವಿಟಿನ್ ಲೈಗೇಸ್: ರಚನೆ ಮತ್ತು ಕೆಲಸವನ್ನು ಹಂತ ಹಂತವಾಗಿ ಓದಿಕೊಳ್ಳುವ ಬಗೆ

ಪ್ರಾಜೆಕ್ಟ್ ಹಂಚುವ ತಿಂಗಳು ಬಂತೆಂದರೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಓದುವವರಿಂದಲೂ, ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಕಾಲೇಜುಗಳ ವಿದ್ಯಾರ್ಥಿಗಳಿಂದಲೂ ಒಂದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಬರುತ್ತದೆ: “ನನಗೆ ಕೊಟ್ಟಿರುವ ಪ್ರೋಟೀನಿನ ಪುಟದಲ್ಲಿ ಜಿಂಕ್ ಫಿಂಗರ್ ಎಂದೂ ಬರೆದಿದೆ, ಇ3 ಯುಬಿಕ್ವಿಟಿನ್ ಲೈಗೇಸ್ ಎಂದೂ ಬರೆದಿದೆ. ಜಿಂಕ್ ಫಿಂಗರ್ ಡಿಎನ್‌ಎಗೆ ಅಂಟುವಂಥದ್ದು ಎಂದು ಪದವಿಯಲ್ಲಿ ಓದಿದ್ದೇವೆ. ಹಾಗಾದರೆ ಈ ಪ್ರೋಟೀನು ಮಾಡುವುದೇನು?” (ಇ3 ಯುಬಿಕ್ವಿಟಿನ್ ಲೈಗೇಸ್ ಎಂದರೆ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನನ್ನು ಬೇರೆ ಪ್ರೋಟೀನುಗಳಿಗೆ ಗುರುತಾಗಿ ಅಂಟಿಸಲು ನೆರವಾಗುವ ಕಿಣ್ವ.) ಈ ಗೊಂದಲವನ್ನು ಪರಿಹರಿಸಿಕೊಳ್ಳದೆ ವರದಿ ಬರೆಯಲು ಕುಳಿತವರು ‘ರಚನೆ’ ಎಂಬ ಅಧ್ಯಾಯದಲ್ಲಿ ಒಂದು ಬಣ್ಣದ ಚಿತ್ರವನ್ನೂ ‘ಕೆಲಸ’ ಎಂಬ ಅಧ್ಯಾಯದಲ್ಲಿ ಬೇರೆಲ್ಲಿಂದಲೋ ತಂದ ನಾಲ್ಕು ಸಾಲನ್ನೂ ಹಾಕಿ ಮುಗಿಸುತ್ತಾರೆ, ಎರಡಕ್ಕೂ ಸಂಬಂಧವೇ ಇರುವುದಿಲ್ಲ. ಈ ಬಗೆಯ ಪ್ರೋಟೀನುಗಳಲ್ಲಿ ಕೆಲಸದ ಬಗ್ಗೆ ಹೇಳುವ ಪ್ರತಿಯೊಂದು ಮಾತನ್ನೂ ರಚನೆಯ ಯಾವುದಾದರೂ ಒಂದು ಅಮೈನೊ ಆಮ್ಲಕ್ಕೆ ಗಂಟು ಹಾಕಿ ತೋರಿಸಬಹುದು ಮತ್ತು ತೋರಿಸಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಲೇಖನದ ಹಂತಗಳನ್ನು ಅದಕ್ಕಾಗಿಯೇ ಜೋಡಿಸಿದ್ದೇನೆ.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ. ಅಂತರ್ಜಾಲ ಸಂಪರ್ಕವಿರುವ ಒಂದು ಸಾಧಾರಣ ಕಂಪ್ಯೂಟರ್, ಪ್ರೋಟೀನಿನ ಅನುಕ್ರಮವನ್ನು (ಅದರ ಅಮೈನೊ ಆಮ್ಲಗಳ ಸಾಲನ್ನು) ಮುದ್ರಿಸಿಕೊಂಡ ಒಂದು ಹಾಳೆ, ಎರಡು ಬಣ್ಣದ ಪೆನ್ನು. ಅನುಕ್ರಮಕ್ಕೆ ಯುನಿಪ್ರಾಟ್, ಡೊಮೇನುಗಳನ್ನು (ಪ್ರೋಟೀನಿನಲ್ಲಿ ತನ್ನಷ್ಟಕ್ಕೆ ಮಡಚಿ ನಿಲ್ಲುವ ಭಾಗಗಳನ್ನು) ಗುರುತಿಸಲು ಇಂಟರ್‌ಪ್ರೊ, ಪ್ರಯೋಗದಿಂದ ಕಂಡುಕೊಂಡ ರಚನೆಗಳಿಗೆ ಪಿಡಿಬಿ, ಲೆಕ್ಕದಿಂದ ಊಹಿಸಿದ ರಚನೆಗಳಿಗೆ ಆಲ್ಫಾಫೋಲ್ಡ್ ಸಂಗ್ರಹ, ಇವೆಲ್ಲ ಉಚಿತ. ರಚನೆಯನ್ನು ತಿರುಗಿಸಿ ನೋಡಲು ಕೈಮೆರಾಎಕ್ಸ್ ತಂತ್ರಾಂಶ ಶೈಕ್ಷಣಿಕ ಬಳಕೆಗೆ ಉಚಿತವಾಗಿ ಸಿಗುತ್ತದೆ. ಮಳೆಗಾಲದಲ್ಲಿ ಹೊಸನಗರ, ಆಗುಂಬೆಯ ಕಡೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುವುದು ಹೊಸದೇನಲ್ಲ. ಆದ್ದರಿಂದ ಅನುಕ್ರಮ ಮತ್ತು ರಚನೆಯ ಕಡತಗಳನ್ನು ಮೊದಲ ದಿನವೇ ಇಳಿಸಿ ಇಟ್ಟುಕೊಳ್ಳಿ. ಮೊದಲ ಐದು ಹಂತಗಳಿಗೆ ಪ್ರಯೋಗಾಲಯ ಬೇಡ.

ಹಂತ 1: ಯಾವ ಜಿಂಕ್ ಫಿಂಗರ್ ಎಂದು ಮೊದಲು ತೀರ್ಮಾನಿಸಿಕೊಳ್ಳಿ

ಜಿಂಕ್ ಫಿಂಗರ್ ಎಂಬುದು ಒಂದು ದೊಡ್ಡ ಬಳಗಕ್ಕೆ ಇರುವ ಹೆಸರು. ಸಿಸ್ಟೀನ್, ಹಿಸ್ಟಿಡಿನ್ ಎಂಬ ಅಮೈನೊ ಆಮ್ಲಗಳು ಸತುವಿನ ಅಯಾನನ್ನು ಹಿಡಿದುಕೊಂಡು, ಆ ಹಿಡಿತದಿಂದಲೇ ಪ್ರೋಟೀನಿನ ಒಂದು ಸಣ್ಣ ಭಾಗ ಗಟ್ಟಿಯಾಗಿ ಮಡಚಿ ನಿಂತರೆ ಅದನ್ನು ಜಿಂಕ್ ಫಿಂಗರ್ ಎನ್ನುತ್ತಾರೆ. ಈ ಭಾಗ ಯಾವುದಕ್ಕೆ ಅಂಟುತ್ತದೆ ಎಂಬುದು ಆ ಹೆಸರಿನಲ್ಲಿಲ್ಲ. 1985ರಲ್ಲಿ ಆರನ್ ಕ್ಲಗ್ ಅವರ ಗುಂಪು ಆಫ್ರಿಕಾದ ಕ್ಸೆನೋಪಸ್ ಕಪ್ಪೆಯ ಅಂಡಕೋಶದ ಟಿಎಫ್ 3ಎ ಎಂಬ ಪ್ರೋಟೀನಿನಲ್ಲಿ ಗುರುತಿಸಿದ ಮೊದಲ ಬಗೆ ಡಿಎನ್‌ಎಗೆ ಅಂಟುವಂಥದ್ದು. ಅದರ ಪ್ರತಿ ಘಟಕದಲ್ಲಿ ಸುಮಾರು 30 ಅಮೈನೊ ಆಮ್ಲಗಳಿದ್ದು, ಎರಡು ಸಿಸ್ಟೀನ್ ಮತ್ತು ಎರಡು ಹಿಸ್ಟಿಡಿನ್ ಸೇರಿ ಒಂದೇ ಸತುವಿನ ಅಯಾನನ್ನು ಹಿಡಿದಿರುತ್ತವೆ. ಪಠ್ಯಪುಸ್ತಕದಲ್ಲಿ ನೀವು ಕಂಡದ್ದು ಇದು.

ನಿಮ್ಮ ಪ್ರೋಟೀನಿನ ಪುಟದಲ್ಲಿ ಇರುವುದು ಬಹುತೇಕ ‘ರಿಂಗ್’ ಬಗೆಯದು. 1990ರ ದಶಕದ ಆರಂಭದಲ್ಲಿ ಬೆಳಕಿಗೆ ಬಂದ ಈ ಬಗೆಯಲ್ಲಿ 40ರಿಂದ 60 ಅಮೈನೊ ಆಮ್ಲಗಳ ಭಾಗವೊಂದು ಎಂಟು ಕೈಗಳಿಂದ, ಅಂದರೆ ಸತುವನ್ನು ಹಿಡಿಯುವ ಎಂಟು ಅಮೈನೊ ಆಮ್ಲಗಳಿಂದ, ಎರಡು ಸತುವಿನ ಅಯಾನುಗಳನ್ನು ಹಿಡಿಯುತ್ತದೆ. ಇದು ಅಂಟುವುದು ಇನ್ನೊಂದು ಪ್ರೋಟೀನಿಗೆ.

ಯುನಿಪ್ರಾಟ್ ಪುಟದಲ್ಲಿ ಕಿಣ್ವದ ಸಂಖ್ಯೆಯನ್ನು ನೋಡಿ. 2.3.2.27 ಎಂದಿದ್ದರೆ ರಿಂಗ್ ಬಗೆಯ ಲೈಗೇಸ್, 2.3.2.26 ಎಂದಿದ್ದರೆ ಹೆಕ್ಟ್ ಬಗೆ (ಇವೆರಡರ ಭೇದ ಎರಡನೆಯ ಹಂತದಲ್ಲಿದೆ), 2.3.2.31 ಎಂದಿದ್ದರೆ ಎರಡರ ಗುಣವೂ ಇರುವ ಆರ್‌ಬಿಆರ್ ಬಗೆ. ಪುಟದಲ್ಲಿ ‘ಟ್ರಾನ್ಸ್‌ಫರೇಸ್’ ಎಂದು ಬರೆದಿರುವುದನ್ನು ನೋಡಿ ಬೇರೆ ಕಿಣ್ವವೆಂದು ತಿಳಿಯಬೇಡಿ. ವರ್ಗೀಕರಣ ಬದಲಾಗುವ ಮುನ್ನ ಇವೇ 6.3.2 ಎಂಬ ಲೈಗೇಸ್ ಗುಂಪಿನಲ್ಲಿದ್ದವು, ಬಳಕೆಯಲ್ಲಿ ಹಳೆಯ ಹೆಸರೇ ಉಳಿದಿದೆ.

ಎಚ್ಚರಿಕೆ: ಪಿಎಚ್‌ಡಿ ಫಿಂಗರ್ ಎಂಬ ಇನ್ನೊಂದು ಬಗೆಯೂ ಎಂಟು ಕೈಗಳಿಂದ ಎರಡು ಸತುವನ್ನು ಹಿಡಿಯುತ್ತದೆ, ಆದರೆ ಅದರ ಕೆಲಸ ಸಾಮಾನ್ಯವಾಗಿ ಹಿಸ್ಟೋನುಗಳ (ಡಿಎನ್‌ಎ ಸುತ್ತಿಕೊಂಡಿರುವ ಪ್ರೋಟೀನುಗಳ) ಮೇಲಿನ ಗುರುತುಗಳನ್ನು ಓದುವುದು. ಸಿಸ್ಟೀನುಗಳನ್ನು ಎಣಿಸಿದ ಮಾತ್ರಕ್ಕೆ ರಿಂಗ್ ಎಂದು ತೀರ್ಮಾನಿಸದೆ, ಇಂಟರ್‌ಪ್ರೊದಲ್ಲಿ ಅನುಕ್ರಮವನ್ನು ಹಾಕಿ ಖಚಿತಪಡಿಸಿಕೊಳ್ಳಿ. ಇದಕ್ಕೆ ವಿರುದ್ಧವಾದ ಪ್ರಕರಣವೂ ಉಂಟು: ಯು-ಬಾಕ್ಸ್ ಎಂಬ ಲೈಗೇಸ್ ಬಗೆಯಲ್ಲಿ ಮಡಿಕೆ ರಿಂಗ್‌ನದೇ ಆಗಿದ್ದರೂ ಸತು ಇರುವುದಿಲ್ಲ.

ಹಂತ 2: ಯುಬಿಕ್ವಿಟಿನ್ ಅಂಟಿಸುವ ಸರಣಿಯನ್ನು ತಿಳಿದುಕೊಳ್ಳಿ

ಯುಬಿಕ್ವಿಟಿನ್ ಎಂಬುದು 76 ಅಮೈನೊ ಆಮ್ಲಗಳ, ಸುಮಾರು 8.5 ಕಿಲೋಡಾಲ್ಟನ್ ತೂಕದ ಪುಟ್ಟ ಪ್ರೋಟೀನು. ಜೀವಕೋಶವು ಇದನ್ನು ಬೇರೆ ಪ್ರೋಟೀನುಗಳ ಲೈಸಿನ್ ಎಂಬ ಅಮೈನೊ ಆಮ್ಲಕ್ಕೆ ಅಂಟಿಸುತ್ತದೆ. ಹೀಗೆ ಗುರುತು ಹಾಕಿಸಿಕೊಂಡ ಪ್ರೋಟೀನು ಹಲವು ವೇಳೆ ಪ್ರೋಟಿಯಸೋಮ್ ಎಂಬ ದೊಡ್ಡ ಕಿಣ್ವಸಂಕೀರ್ಣದಲ್ಲಿ ಚೂರಾಗುತ್ತದೆ. ಈ ವ್ಯವಸ್ಥೆಯನ್ನು ಕಂಡುಹಿಡಿದುದಕ್ಕಾಗಿ ಆರನ್ ಸಿಚನೋವರ್, ಅವ್ರಾಮ್ ಹೆರ್ಶ್ಕೊ ಮತ್ತು ಇರ್ವಿನ್ ರೋಸ್ ಅವರಿಗೆ 2004ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಸಂದಿತು.

ಅಂಟಿಸುವ ಕೆಲಸ ಮೂರು ಕಿಣ್ವಗಳ ಕೈದಾಟುತ್ತದೆ. ಇ1 ಎಂಬುದು ಎಟಿಪಿಯ ಶಕ್ತಿಯನ್ನು ಖರ್ಚು ಮಾಡಿ ಯುಬಿಕ್ವಿಟಿನ್‌ನ ಬಾಲದ ತುದಿಯನ್ನು ತನ್ನ ಸಿಸ್ಟೀನಿಗೆ ಕಟ್ಟಿಕೊಳ್ಳುತ್ತದೆ. ಅಲ್ಲಿಂದ ಅದು ಇ2 ಎಂಬ ಕಿಣ್ವದ ಸಿಸ್ಟೀನಿಗೆ ದಾಟುತ್ತದೆ. ಕೊನೆಗೆ ಇ3, ಅಂದರೆ ಲೈಗೇಸ್, ಅದು ಯಾವ ಪ್ರೋಟೀನಿನ ಮೇಲೆ ಕೂರಬೇಕೆಂಬುದನ್ನು ನಿರ್ಧರಿಸುತ್ತದೆ. ಗುರುತು ಹಾಕಿಸಿಕೊಳ್ಳುವ ಪ್ರೋಟೀನನ್ನು ಇಲ್ಲಿ ತಲಾಧಾರ ಎಂದು ಕರೆಯುತ್ತೇನೆ. ಮನುಷ್ಯನಲ್ಲಿ ಇ1 ಎರಡು, ಇ2 ನಲವತ್ತರ ಆಸುಪಾಸು, ಇ3ಗಳು 600ಕ್ಕೂ ಹೆಚ್ಚು. ಭತ್ತದ ಜಿನೋಮಿನಲ್ಲಿ ರಿಂಗ್ ಬಗೆಯವೇ 400ಕ್ಕೂ ಹೆಚ್ಚಿವೆ. ಆಯ್ಕೆಯ ಹೊಣೆ ಎಲ್ಲಿದೆ ಎಂಬುದು ಈ ಸಂಖ್ಯೆಗಳಿಂದಲೇ ತಿಳಿಯುತ್ತದೆ.

ಇಲ್ಲಿ ಒಂದು ಭೇದವನ್ನು ಮನಸ್ಸಿಗೆ ಚೆನ್ನಾಗಿ ತಂದುಕೊಳ್ಳಿ, ಏಕೆಂದರೆ ವೈವಾದಲ್ಲಿ ಕೇಳುವ ಪ್ರಶ್ನೆಯೂ ಇದೇ, ಪ್ರಯೋಗದ ಫಲಿತಾಂಶವನ್ನು ಓದಲು ಬೇಕಾದದ್ದೂ ಇದೇ. ಹೆಕ್ಟ್ ಬಗೆಯ ಲೈಗೇಸ್ ಯುಬಿಕ್ವಿಟಿನ್ನನ್ನು ಮೊದಲು ತನ್ನ ಸಿಸ್ಟೀನಿಗೆ ಕಟ್ಟಿಕೊಂಡು ಆಮೇಲೆ ತಲಾಧಾರಕ್ಕೆ ಕೊಡುತ್ತದೆ. ರಿಂಗ್ ಬಗೆಯದು ಹಾಗೆ ಕಟ್ಟಿಕೊಳ್ಳುವುದಿಲ್ಲ. ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ದಲ್ಲಾಳಿಯು ಮಾಲನ್ನು ತಾನು ಕೊಳ್ಳದೆ, ಬೆಳೆದವನನ್ನೂ ಖರೀದಿದಾರನನ್ನೂ ಎದುರುಬದುರು ಕೂರಿಸಿ ವ್ಯಾಪಾರ ಕುದುರಿಸುವಂತೆ, ರಿಂಗ್ ಲೈಗೇಸ್ ಒಂದು ಕಡೆ ಯುಬಿಕ್ವಿಟಿನ್ ಹೊತ್ತ ಇ2ವನ್ನೂ ಇನ್ನೊಂದು ಕಡೆ ತಲಾಧಾರವನ್ನೂ ಹಿಡಿದು ಹತ್ತಿರಕ್ಕೆ ತರುತ್ತದೆ; ಯುಬಿಕ್ವಿಟಿನ್ ಇ2ದಿಂದ ನೇರವಾಗಿ ತಲಾಧಾರಕ್ಕೆ ಹೋಗುತ್ತದೆ. ಹಾಗೆಂದು ರಿಂಗ್ ಸುಮ್ಮನೆ ಹಿಡಿದುಕೊಂಡಿರುತ್ತದೆ ಎಂದುಕೊಳ್ಳಬಾರದು. ಅದು ಇ2ದ ಮೇಲಿನ ಯುಬಿಕ್ವಿಟಿನ್ ಅತ್ತಿತ್ತ ತೂಗಾಡದಂತೆ ಒಂದು ಭಂಗಿಯಲ್ಲಿ ನಿಲ್ಲಿಸುತ್ತದೆ, ಆಗ ಮಾತ್ರ ಬಂಧ ಬೇಗ ಕಳಚಿಕೊಳ್ಳುತ್ತದೆ. ಆರ್‌ಎನ್‌ಎಫ್4 ಎಂಬ ಲೈಗೇಸಿನ ಮೇಲೆ 2012ರಲ್ಲಿ ಪ್ರಕಟವಾದ ರಚನೆಯಿಂದ ಇದು ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಯಿತು.

ಹಂತ 3: ಎಂಟು ಕೈಗಳನ್ನು ಪೆನ್ನಿನಿಂದ ಗುರುತಿಸಿ

ಈ ಹಂತವನ್ನು ಕಂಪ್ಯೂಟರಿಗೆ ಬಿಡದೆ ಕೈಯಲ್ಲಿ ಮಾಡಿ ಎಂದು ಒತ್ತಿ ಹೇಳುತ್ತೇನೆ. ನಿಮ್ಮ ಪ್ರೋಟೀನಿಗೆ ಕೈಹಾಕುವ ಮುನ್ನ ಎಲ್ಲರಿಗೂ ಗೊತ್ತಿರುವ ಒಂದನ್ನು ಅಭ್ಯಾಸಕ್ಕೆ ತೆಗೆದುಕೊಳ್ಳಿ. ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿನ ಆನುವಂಶಿಕ ಅಪಾಯಕ್ಕೆ ಸಂಬಂಧಿಸಿದ ಬಿಆರ್‌ಸಿಎ1 ಪ್ರೋಟೀನು ಇದಕ್ಕೆ ಬಹಳ ಅನುಕೂಲ. ಅದರ ಒಟ್ಟು ಉದ್ದ 1863 ಅಮೈನೊ ಆಮ್ಲಗಳು, ಆದರೆ ರಿಂಗ್ ಇರುವುದು ಆರಂಭದಲ್ಲೇ.

ಮುದ್ರಿಸಿದ ಹಾಳೆಯಲ್ಲಿ 20ರಿಂದ 65ರವರೆಗಿನ ಭಾಗಕ್ಕೆ ಗೆರೆ ಹಾಕಿಕೊಂಡು ಹುಡುಕಿದರೆ, 24 ಮತ್ತು 27ನೆಯ ಸ್ಥಾನಗಳಲ್ಲಿ ಸಿಸ್ಟೀನ್ ಸಿಗುತ್ತದೆ: ಇದು ಮೊದಲ ಜೋಡಿ. ಅಲ್ಲಿಂದ ಹನ್ನೊಂದು ಅಮೈನೊ ಆಮ್ಲಗಳನ್ನು ದಾಟಿದರೆ 39ರಲ್ಲಿ ಸಿಸ್ಟೀನ್, 41ರಲ್ಲಿ ಹಿಸ್ಟಿಡಿನ್: ಎರಡನೆಯ ಜೋಡಿ. 44 ಮತ್ತು 47ರಲ್ಲಿ ಸಿಸ್ಟೀನುಗಳು: ಮೂರನೆಯ ಜೋಡಿ. ಮತ್ತೆ ಹದಿಮೂರು ದಾಟಿದರೆ 61 ಮತ್ತು 64ರಲ್ಲಿ ಸಿಸ್ಟೀನುಗಳು: ನಾಲ್ಕನೆಯ ಜೋಡಿ. ಮೂರು ಸಿಸ್ಟೀನ್, ಒಂದು ಹಿಸ್ಟಿಡಿನ್, ನಾಲ್ಕು ಸಿಸ್ಟೀನ್ ಎಂಬ ಈ ಕ್ರಮವನ್ನೇ ‘ಸಿ3ಎಚ್‌ಸಿ4’ ಎಂದು ಬರೆಯುತ್ತಾರೆ. ಐದನೆಯ ಕೈಯೂ ಹಿಸ್ಟಿಡಿನ್ ಆಗಿದ್ದರೆ ಅದು ‘ರಿಂಗ್-ಎಚ್2’ ಎಂಬ ಉಪಬಗೆ. ಸಸ್ಯಗಳಲ್ಲಿ ಈ ಉಪಬಗೆ ಬಹಳ.

ಈಗ ಎರಡು ಪೆನ್ನನ್ನೂ ತೆಗೆದುಕೊಂಡು ಒಂದನೆಯ ಮತ್ತು ಮೂರನೆಯ ಜೋಡಿಗೆ ಕೆಂಪು, ಎರಡನೆಯ ಮತ್ತು ನಾಲ್ಕನೆಯ ಜೋಡಿಗೆ ನೀಲಿ ಹಚ್ಚಿ. 24, 27, 44, 47 ಸೇರಿ ಮೊದಲ ಸತುವನ್ನೂ 39, 41, 61, 64 ಸೇರಿ ಎರಡನೆಯ ಸತುವನ್ನೂ ಹಿಡಿಯುತ್ತವೆ. ಪಕ್ಕಪಕ್ಕದ ಜೋಡಿಗಳು ಒಂದೇ ಸತುವನ್ನು ಹಿಡಿಯದೆ ಒಂದನ್ನು ಬಿಟ್ಟು ಒಂದು ಹಿಡಿಯುವ ಈ ಅಡ್ಡಹೆಣಿಗೆಯೇ ರಿಂಗ್‌ನ ವಿಶೇಷ. ಟಿಎಫ್ 3ಎ ಬಗೆಯಲ್ಲಿ ಒಂದೊಂದು ಬೆರಳೂ ತನ್ನಷ್ಟಕ್ಕೆ ನಿಲ್ಲುತ್ತದೆ. ರಿಂಗ್‌ನಲ್ಲಿ ಎರಡೂ ಸತುಗಳು ಒಂದೇ ಮಡಿಕೆಯೊಳಗೆ ಸುಮಾರು 14 ಆಂಗ್‌ಸ್ಟ್ರಾಮ್ ಅಂತರದಲ್ಲಿ ಹೆಣೆದುಕೊಂಡಿರುವುದರಿಂದ ಒಂದು ಹಿಡಿತ ಸಡಿಲವಾದರೆ ಇನ್ನೊಂದರ ಮೇಲೂ ಪೆಟ್ಟು ಬೀಳುತ್ತದೆ. ಕೆಲವು ಕುಟುಂಬಗಳಲ್ಲಿ 61ನೆಯ ಸಿಸ್ಟೀನ್ ಇರಬೇಕಾದ ಜಾಗದಲ್ಲಿ ಗ್ಲೈಸಿನ್ ಬಂದು ಕ್ಯಾನ್ಸರಿಗೆ ಎಡೆಯಾಗಿರುವುದು ಏಕೆ ಎಂಬುದು ನಿಮ್ಮ ಹಾಳೆಯ ಮೇಲಿನ ನೀಲಿ ಗುರುತನ್ನು ನೋಡಿದರೆ ಅರ್ಥವಾಗುತ್ತದೆ.

ಇದೇ ಕ್ರಮದಲ್ಲಿ ನಿಮ್ಮ ಪ್ರೋಟೀನನ್ನು ಗುರುತಿಸಿ. ಸಾಮಾನ್ಯ ಅಂತರಗಳು ಹೀಗಿರುತ್ತವೆ: ಒಂದನೆಯ ಜೋಡಿಯೊಳಗೆ ಎರಡು ಅಮೈನೊ ಆಮ್ಲ, ಆಮೇಲೆ 9ರಿಂದ 39, ಎರಡನೆಯ ಜೋಡಿಯೊಳಗೆ ಒಂದರಿಂದ ಮೂರು, ಆಮೇಲೆ ಎರಡು ಅಥವಾ ಮೂರು, ಮೂರನೆಯ ಜೋಡಿಯೊಳಗೆ ಎರಡು, ಆಮೇಲೆ 4ರಿಂದ 48, ಕೊನೆಯ ಜೋಡಿಯೊಳಗೆ ಮತ್ತೆ ಎರಡು. ಏಳೇ ಕೈ ಸಿಕ್ಕರೆ ಗಾಬರಿಯಾಗಬೇಡಿ. ಕೆಲವು ರಿಂಗ್‌ಗಳಲ್ಲಿ ಬೇರೆ ಅಮೈನೊ ಆಮ್ಲ ಆ ಜಾಗ ತುಂಬಿರುತ್ತದೆ. ಆದರೆ ನೀವು ತೆಗೆದುಕೊಂಡ ಅನುಕ್ರಮವೇ ಅರ್ಧದ್ದಾಗಿರಬಹುದು, ಅದನ್ನು ಮೊದಲು ಪರೀಕ್ಷಿಸಿ. ಯುನಿಪ್ರಾಟ್‌ನಲ್ಲಿ ಪರಿಶೀಲನೆಯಾದ ನಮೂದು, ಯಂತ್ರವೇ ತುಂಬಿದ ನಮೂದು ಎಂದು ಎರಡು ತರ ಇರುತ್ತವೆ; ಎರಡನೆಯದರಲ್ಲಿ ಜೀನಿನ ತುದಿಗಳು ತಪ್ಪಾಗಿರುವುದು ಅಪರೂಪವಲ್ಲ.

ಹಂತ 4: ಇ2 ಕೂರುವ ಜಾಗವನ್ನು ರಚನೆಯಲ್ಲಿ ನೋಡಿ

ಕೈಮೆರಾಎಕ್ಸ್‌ನಲ್ಲಿ ಪಿಡಿಬಿಯ 1ಎಫ್‌ಬಿವಿ ಎಂಬ ಕಡತವನ್ನು ತೆರೆಯಿರಿ. ಇದು ಸಿ-ಸಿಬಿಎಲ್ ಎಂಬ ಲೈಗೇಸ್ ಯುಬಿಸಿಎಚ್7 ಎಂಬ ಇ2ವನ್ನು ಹಿಡಿದಿರುವ, 2000ದಲ್ಲಿ ಪ್ರಕಟವಾದ ರಚನೆ. ರಿಂಗ್ ಮತ್ತು ಇ2 ಹೇಗೆ ಕೂಡುತ್ತವೆ ಎಂಬುದನ್ನು ಮೊದಲು ತೋರಿಸಿದ್ದು ಇದೇ. ಸತುವಿನ ಎರಡು ಅಯಾನುಗಳನ್ನು ಗೋಲಗಳಾಗಿ ತೋರಿಸಿ, ಅವುಗಳ ಸುತ್ತಲಿನ ಎರಡು ಕುಣಿಕೆಗಳನ್ನೂ ನಡುವಿನ ಸಣ್ಣ ಸುರುಳಿಯನ್ನೂ ಗುರುತಿಸಿ. ಈ ಮೂರೂ ಸೇರಿ ಆಳವಿಲ್ಲದ ಒಂದು ತಗ್ಗು ಏರ್ಪಡುತ್ತದೆ, ಇ2ದ ಎರಡು ಕುಣಿಕೆಗಳು ಬಂದು ಅಲ್ಲಿ ಕೂರುತ್ತವೆ. ಬಿಆರ್‌ಸಿಎ1ರಲ್ಲಿ ಈ ತಗ್ಗಿನ ಭಾಗವಾಗಿರುವ ಅಮೈನೊ ಆಮ್ಲ 26ನೆಯ ಐಸೊಲ್ಯೂಸಿನ್, ಅಂದರೆ ಮೊದಲ ಜೋಡಿ ಸಿಸ್ಟೀನುಗಳ ನಡುವೆ ಇರುವಂಥದ್ದು. ಸತು ಹಿಡಿಯುವ ಕೈಗಳು ಮಡಿಕೆಯನ್ನು ನಿಲ್ಲಿಸುತ್ತವೆ, ಅವುಗಳ ನಡುವಿನವು ಇ2ವನ್ನು ಮುಟ್ಟುತ್ತವೆ. ಈ ವಿಂಗಡಣೆ ಎಂಟನೆಯ ಹಂತದಲ್ಲಿ ಬೇಕಾಗುತ್ತದೆ.

ಇನ್ನೂ ಎರಡನ್ನು ಗಮನಿಸಿ. ಇ2ದ ಕೆಲಸದ ಸಿಸ್ಟೀನ್ ರಿಂಗ್ ಕೂತ ಜಾಗದಿಂದ ದೂರದಲ್ಲಿದೆ. ರಿಂಗ್ ಅದನ್ನು ಮುಟ್ಟುವುದೇ ಇಲ್ಲ. ಎರಡನೆಯದಾಗಿ, ರಿಂಗ್‌ನ ಕೊನೆಯ ಕೈಯ ಪಕ್ಕದಲ್ಲೇ ಹಲವು ಲೈಗೇಸುಗಳಲ್ಲಿ ಒಂದು ಆರ್ಜಿನಿನ್ ಇರುತ್ತದೆ. ಅದು ಒಂದೇ ಸಮಯಕ್ಕೆ ಇ2ವನ್ನೂ ಯುಬಿಕ್ವಿಟಿನ್ನನ್ನೂ ಹಿಡಿದು, ಹಿಂದೆ ಹೇಳಿದ ಆ ಭಂಗಿಯನ್ನು ಬಿಗಿಮಾಡುತ್ತದೆ. ನಿಮ್ಮ ಪ್ರೋಟೀನಿನಲ್ಲಿ ಆ ಜಾಗದಲ್ಲಿ ಏನಿದೆ ಎಂದು ಬರೆದುಕೊಳ್ಳಿ. ಬಿಆರ್‌ಸಿಎ1ರಲ್ಲಿ ಅಲ್ಲಿರುವುದು 65ನೆಯ ಲೈಸಿನ್.

ನಿಮ್ಮ ಪ್ರೋಟೀನಿಗೆ ಪ್ರಯೋಗದ ರಚನೆ ಇಲ್ಲದಿದ್ದರೆ ಆಲ್ಫಾಫೋಲ್ಡ್ ಸಂಗ್ರಹವನ್ನು ನೋಡಬೇಕಾಗುತ್ತದೆ. ಇಲ್ಲಿ ಬಹಳ ಜನ ಎಡವುತ್ತಾರೆ. ಆ ಸಂಗ್ರಹದ ಮಾದರಿಗಳಲ್ಲಿ ಸತುವಿನ ಅಯಾನುಗಳು ಇರುವುದಿಲ್ಲ. ಸಿಸ್ಟೀನುಗಳು ಸತುವನ್ನು ಹಿಡಿದ ಭಂಗಿಯಲ್ಲಿ ಕೂತಿರುತ್ತವೆ, ನಡುವೆ ಖಾಲಿ. ಅದನ್ನು ನೋಡಿ “ಈ ಪ್ರೋಟೀನಿಗೆ ಸತು ಬೇಕಿಲ್ಲ” ಎಂದು ಬರೆದ ವರದಿಯನ್ನು ನಾನು ಕಂಡಿದ್ದೇನೆ. ಇನ್ನೊಂದು, ಮಾದರಿಯ ಬಣ್ಣಗಳು ಭರವಸೆಯ ಅಂಕಿಯನ್ನು ಸೂಚಿಸುತ್ತವೆ: 90ಕ್ಕಿಂತ ಮೇಲಿದ್ದರೆ ಬಹಳ ನಂಬಬಹುದು, 70ರಿಂದ 90 ಇದ್ದರೆ ಬೆನ್ನೆಲುಬಿನ ಜಾಡನ್ನು ನಂಬಬಹುದು, 50ಕ್ಕಿಂತ ಕೆಳಗಿದ್ದರೆ ಆ ಭಾಗ ಗಟ್ಟಿ ಆಕಾರವೇ ಇಲ್ಲದೆ ಸಡಿಲವಾಗಿರಬಹುದು. ರಿಂಗ್ ಭಾಗ ಸಾಮಾನ್ಯವಾಗಿ ಚೆನ್ನಾಗಿಯೇ ಬರುತ್ತದೆ. ಆದರೆ ರಿಂಗ್ ಮತ್ತು ಉಳಿದ ಡೊಮೇನುಗಳ ಪರಸ್ಪರ ಸ್ಥಾನವನ್ನು ನಂಬಬೇಕೋ ಬೇಡವೋ ಎಂಬುದನ್ನು ಬಣ್ಣ ಹೇಳುವುದಿಲ್ಲ; ಅದಕ್ಕೆ ಅದೇ ಪುಟದಲ್ಲಿರುವ ‘ಪಿಎಇ’ ಎಂಬ ಚೌಕಾಕಾರದ ನಕ್ಷೆಯನ್ನು ಓದಬೇಕು.

ಹಂತ 5: ರಿಂಗ್‌ನ ಹೊರಗೆ ಏನಿದೆ ಎಂದು ಹುಡುಕಿ

ರಿಂಗ್ ಇ2ವನ್ನು ಹಿಡಿಯುತ್ತದೆ. ತಲಾಧಾರವನ್ನು ಹಿಡಿಯುವುದು ಬಹುಪಾಲು ಬೇರೆ ಭಾಗ. ಪ್ರೋಟೀನಿನ ವ್ಯಕ್ತಿತ್ವವೆಲ್ಲ ಅಲ್ಲೇ ಇರುತ್ತದೆ, ವರದಿಗಳಲ್ಲಿ ಅತ್ಯಂತ ಕಡಿಮೆ ಗಮನ ಸಿಗುವುದೂ ಆ ಭಾಗಕ್ಕೇ.

ಅರಾಬಿಡಾಪ್ಸಿಸ್ ಗಿಡದ ಸಿಒಪಿ1 ಒಳ್ಳೆಯ ಉದಾಹರಣೆ. 675 ಅಮೈನೊ ಆಮ್ಲಗಳ ಈ ಪ್ರೋಟೀನಿನಲ್ಲಿ ಮುಂದೆ ರಿಂಗ್, ನಡುವೆ ತನ್ನಂಥದ್ದೇ ಇನ್ನೊಂದರ ಜೊತೆ ಹೆಣೆದುಕೊಳ್ಳುವ ಸುರುಳಿ, ಹಿಂದೆ ಡಬ್ಲ್ಯುಡಿ40 ಎಂಬ ದುಂಡನೆಯ ಡೊಮೇನು ಇವೆ. ಕತ್ತಲಲ್ಲಿ ಈ ಹಿಂಭಾಗ ಎಚ್‌ವೈ5 ಎಂಬ ಪ್ರೋಟೀನನ್ನು ಹಿಡಿದುಕೊಡುತ್ತದೆ, ಅದು ಚೂರಾಗುತ್ತದೆ, ಮೊಳಕೆ ಬಿಳಿಚಿಕೊಂಡು ಉದ್ದವಾಗಿ ಬೆಳೆಯುತ್ತದೆ. ಬೆಳಕು ಬಿದ್ದಾಗ ಎಚ್‌ವೈ5 ಉಳಿದು ಮೊಳಕೆ ಹಸಿರಾಗುತ್ತದೆ.

ನಮ್ಮ ಕಡೆಯವರಿಗೆ ಇನ್ನೂ ಹತ್ತಿರದ ಉದಾಹರಣೆ ಭತ್ತದ ಜಿಡಬ್ಲ್ಯು2. ಕಾಳಿನ ಅಗಲ ಮತ್ತು ತೂಕವನ್ನು ಹತೋಟಿಯಲ್ಲಿಡುವ ಈ ರಿಂಗ್ ಲೈಗೇಸನ್ನು 2007ರಲ್ಲಿ ಚೀನಾದ ಸಂಶೋಧಕರು ವರದಿ ಮಾಡಿದರು. ಪೂರ್ಣ ಪ್ರೋಟೀನಿನ ಉದ್ದ 425 ಅಮೈನೊ ಆಮ್ಲಗಳು. ದಪ್ಪಕಾಳಿನ ತಳಿಯೊಂದರಲ್ಲಿ ಡಿಎನ್‌ಎಯ ಒಂದೇ ಒಂದು ಅಕ್ಷರ ಕಳೆದುಹೋಗಿ, ಅನುವಾದ ಅರ್ಧಕ್ಕೆ ನಿಂತು, ಪ್ರೋಟೀನಿನ ಕೊನೆಯ 310 ಅಮೈನೊ ಆಮ್ಲಗಳು ಇಲ್ಲವಾಗಿದ್ದವು. ಕೆಲಸ ತಪ್ಪಿದ ಆ ತಳಿಯಲ್ಲಿ ಕಾಳಿನ ಹೊಟ್ಟಿನಲ್ಲಿ ಜೀವಕೋಶಗಳ ಸಂಖ್ಯೆ ಹೆಚ್ಚಾಗಿ ಕಾಳು ಅಗಲವಾಯಿತು. ಅಂದರೆ ಸರಿಯಾಗಿ ಕೆಲಸ ಮಾಡುವ ಜಿಡಬ್ಲ್ಯು2 ಕೋಶವಿಭಜನೆಗೆ ಕಡಿವಾಣ ಹಾಕುತ್ತದೆ. ಇಲ್ಲಿ ರಿಂಗ್ ಇರುವುದು ಪ್ರೋಟೀನಿನ ಮುಂಭಾಗದಲ್ಲಿ, ಕಳೆದುಹೋದದ್ದು ಹಿಂಭಾಗ ಎಂಬುದನ್ನು ಗಮನಿಸಿ. ರಿಂಗ್‌ನತ್ತ ಮಾತ್ರ ನೋಡುವವರಿಗೆ ಈ ತಳಿಯ ಕಥೆ ಅರ್ಥವಾಗುವುದಿಲ್ಲ. ಆದರೆ ನಮ್ಮ ಜೀರಿಗೆಸಣ್ಣದಂಥ ಸಣ್ಣಕ್ಕಿಗೂ ದಪ್ಪಕ್ಕಿಗೂ ಇರುವ ವ್ಯತ್ಯಾಸವೆಲ್ಲ ಜಿಡಬ್ಲ್ಯು2ರಿಂದಲೇ ಎಂದು ಬರೆಯಬೇಡಿ. ಕಾಳಿನ ಅಳತೆಯನ್ನು ಜಿಎಸ್3, ಜಿಡಬ್ಲ್ಯು5 ಮೊದಲಾದ ಹಲವು ಜೀನುಗಳು ಸೇರಿ ನಿರ್ಧರಿಸುತ್ತವೆ.

ಮಲೆನಾಡಿನ ಗದ್ದೆಗಳನ್ನು ಕಾಡುವ ಬೆಂಕಿ ರೋಗದ ಮೇಲೆ ಪ್ರಾಜೆಕ್ಟ್ ಮಾಡುವವರು ಎಪಿಐಪಿ6 ಎಂಬ ರಿಂಗ್ ಲೈಗೇಸನ್ನು ನೋಡಬೇಕು. ರೋಗದ ಶಿಲೀಂಧ್ರವು ಭತ್ತದ ಜೀವಕೋಶದೊಳಕ್ಕೆ ಎವಿಆರ್‌ಪಿಐಝಡ್-ಟಿ ಎಂಬ ಪ್ರೋಟೀನನ್ನು ಕಳಿಸುತ್ತದೆ. ಅದು ಎಪಿಐಪಿ6ಕ್ಕೆ ಅಂಟಿ ಅದರ ಲೈಗೇಸ್ ಕೆಲಸವನ್ನು ಅಡಗಿಸುತ್ತದೆ. ಎಪಿಐಪಿ6ರ ಪ್ರಮಾಣವನ್ನು ತಗ್ಗಿಸಿದ ಭತ್ತದಲ್ಲಿ ರಕ್ಷಣಾ ಜೀನುಗಳ ಚಟುವಟಿಕೆ ಕುಗ್ಗಿ ರೋಗ ಹೆಚ್ಚಾಯಿತು ಎಂದು 2012ರಲ್ಲಿ ಪ್ರಕಟವಾದ ಕೆಲಸ ತೋರಿಸಿತು.

ಹಂತ 6: ಸರಪಳಿಯ ಬಗೆಯನ್ನು ಕೇಳಿಕೊಳ್ಳಿ

ಯುಬಿಕ್ವಿಟಿನ್ ಹತ್ತಿತು ಎಂದ ಕೂಡಲೇ ಪ್ರೋಟೀನು ಚೂರಾಯಿತು ಎಂದು ಬರೆಯುವುದು ಅತಿ ಸಾಮಾನ್ಯ ತಪ್ಪು. ಯುಬಿಕ್ವಿಟಿನ್ ಮೇಲೆಯೇ ಏಳು ಲೈಸಿನುಗಳಿವೆ, ಒಂದರ ಮೇಲೊಂದು ಅಂಟಿ ಸರಪಳಿಯಾಗಬಹುದು. 48ನೆಯ ಲೈಸಿನ್ ಮೂಲಕ ಬೆಳೆದ ಸರಪಳಿ ಪ್ರೋಟಿಯಸೋಮಿನ ದಾರಿ. 63ನೆಯದರ ಮೂಲಕ ಬೆಳೆದದ್ದು ಹೆಚ್ಚಾಗಿ ಡಿಎನ್‌ಎ ದುರಸ್ತಿ, ಸಂಕೇತ ರವಾನೆಗಳಿಗೆ. ಒಂದೇ ಯುಬಿಕ್ವಿಟಿನ್ ಅಂಟಿ ನಿಲ್ಲುವುದೂ ಉಂಟು. ಬಿಆರ್‌ಸಿಎ1 ತನ್ನ ಜೊತೆಗಾರ ಬಿಎಆರ್‌ಡಿ1ರೊಡನೆ ಸೇರಿ ಹಿಸ್ಟೋನ್ ಎಚ್2ಎ ಮೇಲೆ ಹಾಕುವ ಗುರುತು ಅದನ್ನು ನಾಶಮಾಡಲು ಅಲ್ಲ. ರಿಂಗ್ ಲೈಗೇಸುಗಳಲ್ಲಿ ಸರಪಳಿಯ ಬಗೆಯನ್ನು ಹೆಚ್ಚಾಗಿ ನಿರ್ಧರಿಸುವುದು ಜೊತೆಗಿರುವ ಇ2.

ಹಂತ 7: ಪ್ರಯೋಗಾಲಯದಲ್ಲಿ ಕೆಲಸವನ್ನು ತೋರಿಸುವುದು

ಈ ಪ್ರೋಟೀನುಗಳನ್ನು ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ತಯಾರಿಸುವುದರಲ್ಲಿ ಒಂದು ಅನುಕೂಲವಿದೆ: ಅದರಲ್ಲಿ ಯುಬಿಕ್ವಿಟಿನ್ ವ್ಯವಸ್ಥೆಯೇ ಇಲ್ಲ, ಹಾಗಾಗಿ ಹಿನ್ನೆಲೆಯ ಗದ್ದಲ ಇರುವುದಿಲ್ಲ. ಕಷ್ಟ ಇರುವುದು ಸತುವಿನ ವಿಷಯದಲ್ಲಿ. ಪ್ರೋಟೀನಿನ ತಯಾರಿಕೆಗೆ ಪ್ರೇರಣೆ ಕೊಡುವ ಹೊತ್ತಿಗೆ ಬೆಳೆಸುವ ದ್ರಾವಣಕ್ಕೆ ಸುಮಾರು 100 ಮೈಕ್ರೋಮೋಲಾರ್ ಸತುವಿನ ಲವಣ ಸೇರಿಸಿ, ಉಷ್ಣತೆಯನ್ನು 16ರಿಂದ 18 ಡಿಗ್ರಿಗೆ ಇಳಿಸಿ ರಾತ್ರಿಯಿಡೀ ಬೆಳೆಸಿ. ಬಫರಿನಲ್ಲಿ ಇಡಿಟಿಎ ಇರಕೂಡದು, ಅದು ಸತುವನ್ನು ಕಿತ್ತುಕೊಳ್ಳುತ್ತದೆ. ಇದು ಗೊತ್ತಿದ್ದವರೂ ಪ್ರೋಟಿಯೇಸ್ ತಡೆಯುವ ಮಾತ್ರೆಯಲ್ಲಿ ಇಡಿಟಿಎ ಇರುವುದನ್ನು ಮರೆಯುತ್ತಾರೆ. ಡಬ್ಬಿಯ ಮೇಲೆ ‘ಇಡಿಟಿಎ ರಹಿತ’ ಎಂದಿರುವುದನ್ನೇ ತರಿಸಿ. ಸಿಸ್ಟೀನುಗಳು ಆಕ್ಸಿಡೀಕರಣಗೊಳ್ಳದಂತೆ ಹಾಕುವ ಡಿಟಿಟಿ ಹೆಚ್ಚಾದರೂ ಸತು ಕಳಚುತ್ತದೆ, ಅದೇ ಕೆಲಸಕ್ಕೆ ಟಿಸಿಇಪಿ ಮೇಲು. ಫಾಸ್ಫೇಟ್ ಬಫರಿಗಿಂತ ಟ್ರಿಸ್ ಬಫರ್ ಸುರಕ್ಷಿತ, ಏಕೆಂದರೆ ಸತುವಿನ ಫಾಸ್ಫೇಟ್ ನೀರಿನಲ್ಲಿ ಕರಗದೆ ತಳ ಸೇರುತ್ತದೆ.

ಕ್ರಿಯೆಯನ್ನು ನಡೆಸಲು ಒಂದು ಸಾಮಾನ್ಯ ಅಳತೆ ಹೀಗಿದೆ: ಇ1 ಸುಮಾರು 100 ನ್ಯಾನೊಮೋಲಾರ್, ಇ2 ಮತ್ತು ಇ3 ಒಂದೆರಡು ಮೈಕ್ರೋಮೋಲಾರ್, ಯುಬಿಕ್ವಿಟಿನ್ 50 ಮೈಕ್ರೋಮೋಲಾರ್, ಎಟಿಪಿ 2ರಿಂದ 5 ಮಿಲಿಮೋಲಾರ್, ಮೆಗ್ನೀಸಿಯಂ ಕ್ಲೋರೈಡ್ 5 ಮಿಲಿಮೋಲಾರ್, ಪಿಎಚ್ 7.5ರ ಟ್ರಿಸ್ ಬಫರ್, 30 ಡಿಗ್ರಿಯಲ್ಲಿ ಒಂದು ಗಂಟೆ. ಎಸ್‌ಡಿಎಸ್ ಬಫರ್ ಹಾಕಿ ನಿಲ್ಲಿಸಿ, ಜೆಲ್ ಓಡಿಸಿ, ಯುಬಿಕ್ವಿಟಿನ್‌ನ ಪ್ರತಿಕಾಯದಿಂದ ನೋಡಿ. ಸುಮಾರು 8.5 ಕಿಲೋಡಾಲ್ಟನ್ ಏರುತ್ತ ಹೋಗುವ ಪಟ್ಟಿಗಳು, ಮೇಲಕ್ಕೆ ಹೋದಂತೆ ಒಂದರೊಳಗೊಂದು ಕಲಸಿಕೊಂಡು ಮಸುಕಾಗುವುದು ಕಾಣಿಸಬೇಕು.

ಇ2ದ ಆಯ್ಕೆಯಲ್ಲಿ ಜಾಗ್ರತೆ ವಹಿಸಿ. 1ಎಫ್‌ಬಿವಿ ರಚನೆಯಲ್ಲಿ ಯುಬಿಸಿಎಚ್7 ಇದೆಯೆಂದು ಅದನ್ನೇ ತರಿಸಿ, ಏನೂ ಕಾಣದೆ, ತಮ್ಮ ಲೈಗೇಸ್ ಸತ್ತಿದೆ ಎಂದು ತೀರ್ಮಾನಿಸುವವರಿದ್ದಾರೆ. ಆ ಇ2 ಯುಬಿಕ್ವಿಟಿನ್ನನ್ನು ಸಿಸ್ಟೀನಿಗೆ ಮಾತ್ರ ದಾಟಿಸಬಲ್ಲದು, ಲೈಸಿನಿಗೆ ನೇರವಾಗಿ ದಾಟಿಸಲಾರದು. ಹಾಗಾಗಿ ಅದು ಹೆಕ್ಟ್ ಮತ್ತು ಆರ್‌ಬಿಆರ್ ಬಗೆಗಳಿಗೆ ಸಲ್ಲುತ್ತದೆ. ರಿಂಗ್‌ಗೆ ಅಂಟುವುದು ಬೇರೆ, ರಿಂಗ್‌ನೊಡನೆ ಕೆಲಸ ಮಾಡುವುದು ಬೇರೆ. ಮೊದಲ ಪ್ರಯತ್ನಕ್ಕೆ ಯುಬಿಸಿಎಚ್5 ಕುಟುಂಬದ ಇ2 ತೆಗೆದುಕೊಳ್ಳುವುದು ಒಳ್ಳೆಯದು.

ಹೋಲಿಕೆಯ ನಳಿಕೆಗಳಿಲ್ಲದೆ ಈ ಪ್ರಯೋಗಕ್ಕೆ ಬೆಲೆಯಿಲ್ಲ. ಇ1 ಇಲ್ಲದ್ದು, ಇ2 ಇಲ್ಲದ್ದು, ಇ3 ಇಲ್ಲದ್ದು, ಎಟಿಪಿ ಇಲ್ಲದ್ದು, ಹೀಗೆ ನಾಲ್ಕನ್ನೂ ಒಂದೇ ಜೆಲ್ಲಿನಲ್ಲಿ ಓಡಿಸಿ. ಕೆಲವು ಇ2ಗಳು ತಮಗೆ ತಾವೇ ಯುಬಿಕ್ವಿಟಿನ್ ಹಚ್ಚಿಕೊಳ್ಳುತ್ತವೆ. ಇ3 ಇಲ್ಲದ ನಳಿಕೆಯನ್ನು ನೋಡಿದರಷ್ಟೇ ಅದು ಗೊತ್ತಾಗುತ್ತದೆ. ಇ3 ಕೂಡ ತನಗೇ ಹಚ್ಚಿಕೊಳ್ಳುತ್ತದೆ. ಅದು ಲೈಗೇಸ್ ಶಕ್ತಿ ಇದೆ ಎಂಬುದಕ್ಕೆ ಸಾಕ್ಷಿ, ತಲಾಧಾರ ಯಾವುದು ಎಂಬುದಕ್ಕೆ ಸಾಕ್ಷಿಯಲ್ಲ. ಜಿಎಸ್‌ಟಿ ಎಂಬ ಪ್ರೋಟೀನನ್ನು ಶುದ್ಧೀಕರಣಕ್ಕಾಗಿ ಬಾಲವಾಗಿ ಕಟ್ಟಿದ ಲೈಗೇಸ್ ಬಳಸುತ್ತಿದ್ದರೆ ಇನ್ನೊಂದು ಅಪಾಯವಿದೆ: ಜಿಎಸ್‌ಟಿ ತಾನಾಗಿ ಜೋಡಿಯಾಗುವುದರಿಂದ, ಜೋಡಿಯಾದಾಗ ಮಾತ್ರ ಚುರುಕಾಗುವ ರಿಂಗ್‌ಗಳು ಸಹಜವಾಗಿ ಇಲ್ಲದ ಚುರುಕನ್ನು ತೋರಿಸಬಹುದು.

ಹಂತ 8: ಯಾವ ಅಮೈನೊ ಆಮ್ಲವನ್ನು ಬದಲಿಸಬೇಕು

ಸತು ಹಿಡಿಯುವ ಒಂದು ಸಿಸ್ಟೀನನ್ನು ಅಲನಿನ್ ಅಥವಾ ಸೆರಿನ್ ಮಾಡಿ, ಕೆಲಸ ನಿಂತಿತು ಎಂದು ತೋರಿಸುವುದು ರೂಢಿ. ಇದನ್ನು ಮಾಡಿ, ಆದರೆ ಇದರಿಂದ ಸಿಗುವ ಉತ್ತರ ಚಿಕ್ಕದು. ಅಡ್ಡಹೆಣಿಗೆಯ ಒಂದು ಕೈ ಕಿತ್ತರೆ ಮಡಿಕೆಯೇ ಕುಸಿಯಬಹುದು. ಕುಸಿದ ಪ್ರೋಟೀನು ಏನನ್ನೂ ಮಾಡುವುದಿಲ್ಲ ಎಂಬುದರಲ್ಲಿ ಹೊಸದೇನಿದೆ? ಮೂರನೆಯ ಮತ್ತು ನಾಲ್ಕನೆಯ ಹಂತದ ಹಾಳೆಯನ್ನು ಈಗ ತೆಗೆಯಿರಿ. ಬಿಆರ್‌ಸಿಎ1ರ 26ನೆಯ ಐಸೊಲ್ಯೂಸಿನ್ನಿಗೆ ಸಮನಾದ ಜಾಗವನ್ನು ಅಲನಿನ್ ಮಾಡಿದರೆ ಮಡಿಕೆ ಉಳಿದು ಇ2ದ ಹಿಡಿತ ಮಾತ್ರ ತಪ್ಪುತ್ತದೆ. ಕೊನೆಯ ಕೈಯ ಪಕ್ಕದ ಆರ್ಜಿನಿನ್ನನ್ನು ಬದಲಿಸಿದರೆ ಇ2 ಅಂಟುತ್ತದೆ, ಯುಬಿಕ್ವಿಟಿನ್ ದಾಟುವುದು ಮಾತ್ರ ನಿಧಾನವಾಗುತ್ತದೆ. ಮೂರು ಬದಲಾವಣೆಗಳನ್ನೂ ಪಕ್ಕಪಕ್ಕ ಓಡಿಸಿದರೆ ರಚನೆಯ ಯಾವ ಭಾಗ ಯಾವ ಕೆಲಸ ಮಾಡುತ್ತಿದೆ ಎಂಬುದು ಒಂದೇ ಜೆಲ್ಲಿನಲ್ಲಿ ಕಾಣುತ್ತದೆ. ಒಂದನ್ನು ಮಾತ್ರ ಮಾಡಿಸಲು ಹಣವಿದ್ದರೆ ಐಸೊಲ್ಯೂಸಿನ್ನಿನದನ್ನೇ ಮಾಡಿಸಿ ಎಂಬುದು ನನ್ನ ಸಲಹೆ.

ಹಂತ 9: ಬರೆಯುವಾಗ

“ಈ ಪ್ರೋಟೀನಿನಲ್ಲಿ ಜಿಂಕ್ ಫಿಂಗರ್ ಇದೆ, ಆದ್ದರಿಂದ ಇದು ಇ3 ಲೈಗೇಸ್ ಆಗಿದ್ದು ತಲಾಧಾರಗಳನ್ನು ನಾಶಮಾಡುತ್ತದೆ” ಎಂಬಂಥ ವಾಕ್ಯದಲ್ಲಿ ಮೂರು ಹೇಳಿಕೆಗಳು ಒಂದಕ್ಕೊಂದು ಆಧಾರವಿಲ್ಲದೆ ಸೇರಿಕೊಂಡಿವೆ. ಬಿಡಿಸಿ ಬರೆಯಿರಿ: ಇಂತಿಂಥ ಸ್ಥಾನಗಳ ಎಂಟು ಅಮೈನೊ ಆಮ್ಲಗಳು ರಿಂಗ್‌ನ ಕ್ರಮದಲ್ಲಿವೆ, ಇದು ಅನುಕ್ರಮದಿಂದ ತಿಳಿದದ್ದು, ಇಂಥ ಇ2ದೊಡನೆ, ಎಟಿಪಿ ಇದ್ದಾಗ ಮಾತ್ರ, ಯುಬಿಕ್ವಿಟಿನ್ ಸರಪಳಿ ಉಂಟಾಯಿತು, ಇದು ಪ್ರಯೋಗದಿಂದ ತಿಳಿದದ್ದು, ತಲಾಧಾರ ಇಂಥದ್ದಿರಬಹುದೆಂಬುದು ಸಂಬಂಧಿ ಪ್ರೋಟೀನಿನ ಹೋಲಿಕೆಯಿಂದ ಮಾಡಿದ ಊಹೆ. ಯುನಿಪ್ರಾಟ್ ಪುಟದಲ್ಲೂ ಪ್ರತಿ ಹೇಳಿಕೆಯ ಪಕ್ಕದಲ್ಲಿ ಅದು ಪ್ರಯೋಗದಿಂದ ಬಂದದ್ದೋ ಹೋಲಿಕೆಯಿಂದ ಬಂದದ್ದೋ ಎಂಬ ಗುರುತು ಇರುತ್ತದೆ. ನಕಲು ಮಾಡುವಾಗ ಅದನ್ನು ಬಿಟ್ಟುಬಿಡುವುದರಿಂದಲೇ ಊಹೆಗಳು ಸತ್ಯಗಳಾಗಿ ಒಂದು ವರದಿಯಿಂದ ಇನ್ನೊಂದಕ್ಕೆ ಹರಿದಾಡುತ್ತಿವೆ.

ಜೀವಕೋಶದೊಳಗೆ ತಲಾಧಾರದ ಪ್ರಮಾಣ ಇಳಿಯಿತು ಎಂದು ಬರೆಯುವುದಾದರೆ, ಪ್ರೋಟಿಯಸೋಮನ್ನು ತಡೆಯುವ ಎಂಜಿ132 ಎಂಬ ರಾಸಾಯನಿಕ ಹಾಕಿದಾಗ ಆ ಇಳಿತ ನಿಂತಿತೇ ಎಂಬುದನ್ನೂ ಅದೇ ಚಿತ್ರದಲ್ಲಿ ತೋರಿಸಿ. ರಚನೆಯ ಚಿತ್ರದ ಕೆಳಗೆ ಪಿಡಿಬಿಯ ಕ್ರಮಸಂಖ್ಯೆಯನ್ನೋ ಆಲ್ಫಾಫೋಲ್ಡ್ ಮಾದರಿಯ ಆವೃತ್ತಿಯನ್ನೋ ಕಡತ ಇಳಿಸಿಕೊಂಡ ದಿನಾಂಕದೊಡನೆ ಬರೆಯಿರಿ, ಸತುವಿನ ಗೋಲಗಳನ್ನು ನೀವೇ ಕೂರಿಸಿದ್ದರೆ ಅದನ್ನೂ ಹೇಳಿ, ಮತ್ತು ಎಂಟು ಕೈಗಳ ಸ್ಥಾನಸಂಖ್ಯೆಗಳು ಚಿತ್ರದ ಮೇಲೆಯೇ ಓದುವಂತೆ ಇರಲಿ.